ಒಂದು ಪದರದ ಚೀವರ

ಯಸವತಿ ತೆಂಗಿನಕಾಯಿ ಹೋಳನ್ನು ತುರಿಮಣೆಯ ಹಲ್ಲಿಗೆ ಒತ್ತಿ ತಿರುಗಿಸುತ್ತಿದ್ದಳು. ಕೆಳಗಿಟ್ಟ ತಟ್ಟೆಯಲ್ಲಿ ತುರಿ ಬಿಳಿಯ ಗುಡ್ಡೆಯಾಗಿ ಏಳುತ್ತಿತ್ತು. ಚಿಪ್ಪಿನ ಕಂದು ತಾಗುವ ಮೊದಲೇ ಕೈ ತಾನಾಗಿ ನಿಲ್ಲುತ್ತಿತ್ತು. ಚಿಪ್ಪನ್ನು ಪಕ್ಕಕ್ಕಿಟ್ಟು ಇನ್ನೊಂದು ಹೋಳು ಎತ್ತಿಕೊಳ್ಳುತ್ತಿದ್ದಳು. ವಿಹಾರದ ಹಿಂದಿನ ಅಡುಗೆ ಚಪ್ಪರದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಒಬ್ಬಳು ಈರುಳ್ಳಿ ಹೆಚ್ಚುತ್ತಿದ್ದಳು, ಇನ್ನೊಬ್ಬಳು ಕೆಂಪಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಧರ್ಮಶಾಲೆಯಿಂದ ಭಿಕ್ಷುಗಳ ಪಠಣ ಕೇಳುತ್ತಿರುವಷ್ಟು ಹೊತ್ತು ಅಡುಗೆಯವರು ಬಾಯಿ ಬಿಡಬಾರದೆಂಬುದು ವೆಲಿಹೇನ ಊರಿನ ವಾಡಿಕೆ.

ಇಂದಸಾರ ಭಿಕ್ಷುವಿನ ಶವದ ಮುಂದೆ ಪಠಣ ನಿಂತಿತು. ಮಿಸಿನೋನಾ ಎದ್ದು ಹೋಗಿ ಬೇಲಿಯಾಚೆ ಎಲೆಯಡಿಕೆ ಉಗಿದು ಬಂದಳು.

"ಇವತ್ತಾದ್ರೂ ನಮ್ಮ ಇಂದಸಾರ ಹಾಮುದುರು ಎಲ್ಲರಿಗಿಂತ ಮುಂದೆ ಇದಾರೆ ನೋಡ್ರೇ. ಬದುಕಿದ್ದಾಗ ಯಾವತ್ತಾದ್ರೂ ಮುಂದೆ ಕೂತಿದ್ರಾ? ಮೊನ್ನೆ ಮೊನ್ನೆ ತಲೆ ಬೋಳಿಸಿಕೊಂಡ ಹುಡುಗರ ಪಕ್ಕ, ಸಾಲಿನ ಕೊನೇಲಿ. ಬಡಿಸ್ತಾ ಬಡಿಸ್ತಾ ಅವರ ಹತ್ತಿರ ಹೋಗೋ ಹೊತ್ತಿಗೆ ಹಲಸಿನಕಾಯಿ ಸಾರಿನ ಪಾತ್ರೆ ತಳ ಕಾಣೋದು."

"ನಮ್ಮನೆ ದಾನದಲ್ಲಿ ಒಂದ್ಸಲ ಬರೀ ಕರಿಬೇವು ಬಿತ್ತು ಅಕ್ಕಾ ಅವರ ಪಾತ್ರೇಗೆ," ಎಂದಳು ಶ್ರಿಯಾನಿ. "ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅವರು ಅದನ್ನೇ ಅನ್ನಕ್ಕೆ ಕಲಸಿ, ಉಪ್ಪು ಸರಿಯಾಗಿದೆ ಮಗಳೇ ಅಂದ್ರು."

"ನನ್ನ ಕೊಡೆ ಅವರ ಹತ್ತಿರಾನೇ ಉಳೀತು. ಕಡ್ಡಿ ಮುರಿದಿದೆ, ಸರಿಮಾಡಿಕೊಡ್ತಾರೆ ಅಂತ ಕೊಟ್ಟಿದ್ದೆ," ಎಂದಳು ಇನ್ನೊಬ್ಬಳು.

"ನಿಂದೊಂದೇನಾ? ಅವರ ಕೋಣೇಲಿ ಹೋಗಿ ನೋಡು. ಬುದ್ಧನ ಪಟ ಒಂದು, ಚಾಪೆ ಒಂದು, ಉಳಿದದ್ದೆಲ್ಲ ನಮ್ಮೂರಿನ ಕೊಡೆ. ಯಾವುದು ಯಾರದು ಅಂತ ಈಗ ಯಾರು ಹೇಳ್ಬೇಕು?"

"ಒಂದು ಒಳ್ಳೇ ಮಳೆ ಬರಲಿ, ಎಲ್ಲರಿಗೂ ಅವರವರ ಕೊಡೆ ನೆನಪಾಗುತ್ತೆ," ಎಂದಳು ಮಿಸಿನೋನಾ. ಎಲ್ಲರೂ ನಕ್ಕರು, ನಗುತ್ತಲೇ ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಯಸವತಿ ನಗಲಿಲ್ಲ. ಮೊಮ್ಮಗಳು ನಿಲ್ಮಿಣಿ ಪಕ್ಕದಲ್ಲಿ ಕೂತು ಅಜ್ಜಿಯ ಕೈಯನ್ನೇ ನೋಡುತ್ತಿದ್ದಳು. "ಆಚ್ಚಿ, ಸಾಕು ಏಳು, ನಾನು ತುರೀತೀನಿ," ಎಂದಳು. ಯಸವತಿ ತಲೆಯಾಡಿಸಿ ಇನ್ನೊಂದು ಹೋಳು ತೆಗೆದುಕೊಂಡಳು.

ಆಗ ಆರ್ಯದಾಸ ಮೇಷ್ಟ್ರು ಅಂಗಳದಿಂದ ಬಂದರು. ವಿಹಾರದ ಖರ್ಚು ನೋಡಿಕೊಳ್ಳುವ ದಾಯಕ ಸಭೆಯ ಅಧ್ಯಕ್ಷರು, ಊರ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಂಕುಳಲ್ಲಿ ಕಂದು ಕಾಗದದ ಪೊಟ್ಟಣ.

"ಒಂದು ಲೋಟ ಬೆಲ್ಲದ ಚಹಾ ಕೊಡ್ರಮ್ಮ. ಗಾಲ್ಲೆ ಪೇಟೆವರೆಗೂ ಓಡಾಡಿ ಬಂದೆ. ಬೀರು ತೆಗೆದು ನೋಡಿದ್ರೆ ಅವರ ಎರಡು ಪದರದ ಚೀವರಾನೇ ಇಲ್ಲ! ಅದನ್ನ ಹಾಕ್ತಾನೂ ಇರಲಿಲ್ಲ, ಯಾರಿಗೋ ದಾನ ಮಾಡಿಬಿಟ್ಟಿರ್ತಾರೆ, ಪುಣ್ಯಾತ್ಮ. ಇಷ್ಟು ವರ್ಷದ ಭಿಕ್ಷುವನ್ನ ಬರೀ ಒಂದು ಪದರದಲ್ಲಿ ಚಿತೆಗೆ ಕಳಿಸಿದ್ರೆ, ಪೂರ್ತಿ ದೀಕ್ಷೆ ಆಗದ ಸಾಮಣೇರ ಹುಡುಗನ್ನ ಕಳಿಸಿದ ಹಾಗೆ. ನಾಲ್ಕು ಊರಿನವರು ಬರ್ತಾರೆ. ಏನಂದ್ಕೊಳ್ತಾರೆ?"

ಅವರು ಪೊಟ್ಟಣ ಬಿಚ್ಚಿ ತೋರಿಸಿದರು. ಹೊಸ ಬಟ್ಟೆ; ಮಡಿಕೆಯ ಗೆರೆಗಳು ಇನ್ನೂ ಗಟ್ಟಿಯಾಗಿದ್ದವು. "ಭುಜದ ಮೇಲೆ ಮಡಿಸಿ ಇಟ್ಟರೆ ಎಷ್ಟು ಲಕ್ಷಣ," ಎಂದರು ಹೆಂಗಸರು.

ಯಸವತಿಯ ಕೈ ಜಾರಿ ಹಲ್ಲು ಬೆರಳಿಗೆ ತಾಗಿತು. ಅವಳು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

*

ಅದೆಷ್ಟೋ ವರ್ಷಗಳ ಹಿಂದೆ; ಆಗ ಅವಳಿಗೆ ಇಪ್ಪತ್ತೆರಡು. ಶಾಲೆ ಬಿಟ್ಟು ಅಪ್ಪನ ಜೊತೆ ದಾಲ್ಚಿನ್ನಿ ಸುಲಿಯುತ್ತಿದ್ದಳು. ಭಾನುವಾರ ಮಾತ್ರ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಬಂದು ಸಣ್ಣ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಎಷ್ಟು ತೊಳೆದರೂ ಬೆರಳಿನಿಂದ ದಾಲ್ಚಿನ್ನಿಯ ವಾಸನೆ ಹೋಗುತ್ತಿರಲಿಲ್ಲ. "ಯಸವತಿ ಅಕ್ಕ ಪಾಯಸದ ಹಾಗೆ ಬರ್ತಾಳೆ" ಎಂದು ಮಕ್ಕಳು ಮೂಗು ಅರಳಿಸುತ್ತಿದ್ದವು.

ಇಂದಸಾರರು ಅದೇ ವರ್ಷ ಉಪಸಂಪದೆ ಪಡೆದು ಪೂರ್ಣ ಭಿಕ್ಷುವಾಗಿ ಬಂದಿದ್ದರು. ಭುಜದ ಮೇಲೆ ಎರಡು ಪದರದ ಚೀವರ ಇನ್ನೂ ಹೊಂದಿಕೊಳ್ಳದೆ ಆಗಾಗ ಜಾರುತ್ತಿತ್ತು. ದೊಡ್ಡ ಮಕ್ಕಳ ತರಗತಿಯಲ್ಲಿ ಒಂದು ದಿನ ಒಬ್ಬ ತುಂಟ ಎದ್ದು ಕೇಳಿದ್ದ: "ಹಾಮುದುರುವನೇ, ಚೀವರ ಬೇಡ ಅನ್ನಿಸಿದ್ರೆ ಏನು ಮಾಡ್ತೀರ?"

ಯಸವತಿ ಮಕ್ಕಳ ಸಾಲಿನ ಹಿಂದೆ ನಿಂತಿದ್ದಳು. ಬೈಯುತ್ತಾರೆಂದುಕೊಂಡಳು. ಅವರು ಬೈಯಲಿಲ್ಲ.

"ಬಾಗಿಲಿಗೆ ಬೀಗ ಇಲ್ಲ. ಯಾರಾದರೂ ಒಬ್ಬರ ಮುಂದೆ ನಿಂತು, ಭಿಕ್ಷು ವ್ರತ ಬಿಟ್ಟೆ, ಇನ್ನು ನನ್ನನ್ನು ಗೃಹಸ್ಥ ಅಂತ ತಿಳಿ ಅಂದರೆ ಮುಗೀತು. ಕೇಳೋರು ಭಿಕ್ಷುವೇ ಆಗಬೇಕಿಲ್ಲ. ಆದರೆ ಅವರಿಗೆ ಅರ್ಥ ಆಗಬೇಕು. ಅರ್ಥ ಆಗದಿದ್ದರೆ ಬಿಟ್ಟ ಹಾಗಲ್ಲ."

"ಎಮ್ಮೆ ಮುಂದೆ ಹೇಳಿದ್ರೆ?"

"ಎಮ್ಮೆ ಮೇಯ್ತಾ ಇರುತ್ತೆ, ನಾನು ಭಿಕ್ಷುವಾಗೇ ಇರ್ತೀನಿ."

ತರಗತಿಯೆಲ್ಲ ನಕ್ಕಿತು. ಯಸವತಿಯೂ ನಕ್ಕಳು. ಮುಂದಿನ ಭಾನುವಾರ ಪರೀಕ್ಷೆ ಬರುತ್ತದೆಂದು ಆ ನಿಯಮವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೂ ಅವಳೇ.

ಎರಡು ವರ್ಷ ಹಾಗೇ ಕಳೆಯಿತು. ಅವರು ಅವಳಿಗೆ ಹಳೆಯ ಜಾತಕ ಕತೆಗಳ ಪುಸ್ತಕ ಕೊಡುತ್ತಿದ್ದರು. ಕೈಗೆ ಕೊಡುವಂತಿಲ್ಲವಾದ್ದರಿಂದ ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ಅವಳು ಓದಿ ಅಲ್ಲೇ ಇಡುತ್ತಿದ್ದಳು. ಒಮ್ಮೆ ಪುಸ್ತಕ ಹಿಂದಕ್ಕೆ ತೆಗೆದುಕೊಳ್ಳುವಾಗ ಅವರು ಅದನ್ನು ಮೂಗಿನ ಹತ್ತಿರ ತಂದು ತಟ್ಟನೆ ಕೆಳಗಿಳಿಸಿದ್ದನ್ನು ಅವಳು ಅರಳಿಮರದ ಮರೆಯಿಂದ ಕಂಡಳು. ಇಬ್ಬರ ನಡುವೆ ಆಗಿದ್ದು ಅಷ್ಟೇ.

ವೈಶಾಖಕ್ಕೆ ಸ್ತೂಪಕ್ಕೆ ಸುಣ್ಣ ಬಳಿಯುವ ದಿನ. ಮಧ್ಯಾಹ್ನದ ಬಿಸಿಲಿಗೆ ಉಳಿದವರೆಲ್ಲ ನೆರಳು ಹುಡುಕಿ ಹೋಗಿದ್ದರು. ಯಸವತಿ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದಳು. ಇಂದಸಾರರು ಬಿದಿರಿನ ಏಣಿಯಿಂದ ಇಳಿದು ಬಂದು, ಪುಸ್ತಕ ಇಡುವಾಗ ನಿಲ್ಲುತ್ತಿದ್ದಷ್ಟೇ ದೂರದಲ್ಲಿ ನಿಂತರು. ನೆಲ ನೋಡುತ್ತ, ಪಾಠ ಒಪ್ಪಿಸುವವರ ಹಾಗೆ ಹೇಳಿದರು: "ಭಿಕ್ಷು ವ್ರತವನ್ನು ಬಿಡುತ್ತಿದ್ದೇನೆ. ಇನ್ನು ನನ್ನನ್ನು ಗೃಹಸ್ಥನೆಂದು ತಿಳಿ."

ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದರು. ಅದುವರೆಗೆ ಒಮ್ಮೆಯೂ ನೇರ ನೋಡಿದವರಲ್ಲ.

"ಮೊದಲು ಇದನ್ನ ಹೇಳ್ಬೇಕಿತ್ತು. ವ್ರತದ ಒಳಗಿದ್ದು ಉಳಿದದ್ದನ್ನ ಕೇಳೋ ಹಾಗಿಲ್ಲ. ನಾಳೆ ಮೊದಲ ಬಸ್ಸಿಗೆ ನನ್ನ ಜೊತೆ ಬರ್ತೀಯಾ, ಯಸವತಿ?"

ಅವಳು ಬಕೆಟ್ಟನ್ನು ಅಲ್ಲೇ ಬಿಟ್ಟಳು. ಸುಣ್ಣದ ಕೈಯಲ್ಲೇ ಮನೆಗೆ ಹೋದಳು. ದಾರಿಯಲ್ಲಿ ಪೊದ್ದಿರತನನ ಅಂಗಡಿ ಸಿಗುತ್ತದೆ. ಅವನೂ ಒಂದು ಕಾಲಕ್ಕೆ ಭಿಕ್ಷುವಾಗಿದ್ದವನು, ಚೀವರ ಬಿಟ್ಟು ಮದುವೆಯಾದವನು. ವ್ರತ ಬಿಡಲು ಧರ್ಮದಲ್ಲಿ ಅಡ್ಡಿಯಿರಲಿಲ್ಲ, ಊರಿನಲ್ಲಿತ್ತು. ಅವನ ತಲೆಯಲ್ಲಿ ಕೂದಲು ನೆರೆದರೂ ಮಕ್ಕಳು "ಬೋಳಾ" ಎಂದು ಕೂಗಿ ಓಡುತ್ತಿದ್ದರು. ಅವನ ಹೆಂಡತಿ ಬಾವಿಯ ಹತ್ತಿರ ಎಲ್ಲರ ಕೊಡ ತುಂಬುವವರೆಗೂ ದೂರ ನಿಂತಿರುತ್ತಿದ್ದಳು. ಆ ಸಂಜೆಯೂ ನಿಂತಿದ್ದಳು. ಯಸವತಿ ತನ್ನ ಬಗ್ಗೆ ಯೋಚಿಸಲಿಲ್ಲ. ತಾನು ಹೇಗೋ ನಿಂತುಕೊಂಡೇನು. ಆದರೆ ಜಗಲಿಯಲ್ಲಿ ಕೂತು ಕತೆ ಹೇಳುವ ಆ ಮನುಷ್ಯ ಅಂಗಡಿಯ ಕತ್ತಲಲ್ಲಿ ಒಣಮೀನು ತೂಗುತ್ತ ಕೂತಿರುವುದು ಅವಳ ಕಣ್ಣಿಗೆ ಬಂತು. ಅವರನ್ನು ಚೀವರವಿಲ್ಲದೆ ನೆನೆಸಿಕೊಳ್ಳಲು ನೋಡಿದಳು. ಮುಖವೇ ಮೂಡಲಿಲ್ಲ.

ಬೆಳಿಗ್ಗೆ ಹೂವಿನ ತಟ್ಟೆ ಹಿಡಿದು ವಿಹಾರಕ್ಕೆ ಹೋದಳು. ಅವರು ಅರಳಿಮರದ ಕಟ್ಟೆಯ ಹೊರಗೆ ನಿಂತಿದ್ದರು.

"ಹಾಮುದುರುವನೇ," ಎಂದಳು, "ನಿನ್ನೆ ನೀವೇನೋ ಹೇಳಿದ್ರಿ. ನಂಗೆ ಅರ್ಥ ಆಗಲಿಲ್ಲ."

"ಅರ್ಥ ಆಗಲಿಲ್ವಾ?"

"ಇಲ್ಲ. ನಾನು ಓದು ಬಿಟ್ಟವಳು."

ದೂರದಲ್ಲಿ ಬಸ್ಸು ತಿರುವಿನಲ್ಲಿ ಹಾರ್ನ್ ಮಾಡಿತು. ಅದು ಬಂದು, ನಿಂತು, ಹೋಗುವವರೆಗೂ ಇಬ್ಬರೂ ಅಲ್ಲೇ ಇದ್ದರು.

"ಸುಖವಾಗಿರು," ಎಂದರು ಅವರು. ಯಾರು ಬಂದು ನಮಸ್ಕರಿಸಿದರೂ ಭಿಕ್ಷುಗಳು ಹೇಳುವ ಮಾತು.

ಮುಂದೆ ಅವಳು ದಾಲ್ಚಿನ್ನಿ ಸುಲಿಯುವ ಮಾರ್ಟಿನ್‌ನನ್ನು ಮದುವೆಯಾದಳು. ಒಳ್ಳೆಯವನು. ಮಕ್ಕಳಾದರು, ಮೊಮ್ಮಕ್ಕಳಾದರು, ಮಾರ್ಟಿನ್ ಹೋದ. ಅವನ ಸಾವಿಗೆ ಬಂದ ಭಿಕ್ಷುಗಳ ಸಾಲಿನಲ್ಲೂ ಇಂದಸಾರರು ಕೊನೆಯಲ್ಲಿ ಕೂತಿದ್ದರು. ಅವರು ತನ್ನ ಮಾತನ್ನು ನಂಬಿದರೋ ಇಲ್ಲವೋ ಎಂಬುದು ಮಾತ್ರ ಅವಳಿಗೆ ತಿಳಿಯಲೇ ಇಲ್ಲ. ನಂಬಿದ್ದರೆ, ತನ್ನ ಸುಳ್ಳಿನ ಮೇಲೆ ವ್ರತ ನಿಜಕ್ಕೂ ಹೋಗಿದ್ದ ಒಬ್ಬ ಗೃಹಸ್ಥ ಅದು ಗೊತ್ತಿಲ್ಲದೆ ಚೀವರ ಹೊದ್ದು ಬದುಕುತ್ತಿದ್ದಾನೆ. ಊರೆಲ್ಲ ಅವರಿಂದ ಪಂಚಶೀಲ ತೆಗೆದುಕೊಳ್ಳುತ್ತಿತ್ತು. ನಾಲ್ಕನೆಯ ಶೀಲ, ಸುಳ್ಳಾಡುವುದಿಲ್ಲ ಎಂಬುದು. ಅದನ್ನು ಅವರ ಮುಂದೆ ಹೇಳುವುದು ಅವಳಿಂದಾಗಲಿಲ್ಲ. ಶೀಲ ತೆಗೆದುಕೊಳ್ಳುವ ಹುಣ್ಣಿಮೆ ಬಂದರೆ ಮೊಣಕಾಲು ನೋವೆಂದು ನೆಪ ಹೇಳಿ, ಹಳ್ಳದಾಚೆಯ ಮೆಟ್ಟಿಲಿಲ್ಲದ ವಿಹಾರಕ್ಕೆ ಹೋಗುತ್ತಿದ್ದಳು.

*

ಧರ್ಮಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾರಿಯುದ್ದಕ್ಕೂ ಕಟ್ಟಿದ ಹಳದಿ ಬಾವುಟಗಳು ಗಾಳಿಯಿಲ್ಲದೆ ಜೋತಿದ್ದವು. ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಇಂದಸಾರರ ಮುಖ ಚಿಕ್ಕದಾಗಿ, ಏನೋ ಹೇಳಲು ಹೊರಟು ಸುಮ್ಮನಾದವರಂತಿತ್ತು.

ಮೇಷ್ಟ್ರು ಹೊಸ ಚೀವರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು. ವಿಹಾರದ ಯುವ ಅಧಿಪತಿ ಧಮ್ಮರಂಸಿಯವರು ಅದನ್ನು ತೆಗೆದುಕೊಳ್ಳಲು ಕೈ ಚಾಚಿದರು.

"ಅದು ಬೇಡ," ಎಂಬ ಧ್ವನಿ ಬಂತು.

ಭಿಕ್ಷುಗಳ ಸಾಲಿನ ಮೊದಲ ಆಸನದಲ್ಲಿ ಸೀಲವಿಮಲ ನಾಯಕರಿದ್ದರು. ಈ ವಿಹಾರದಲ್ಲೇ ಬೆಳೆದವರು, ಈಗ ಸುತ್ತಲಿನ ವಿಹಾರಗಳಿಗೆಲ್ಲ ಹಿರಿಯರು. ಅವರಿಗೂ ವಯಸ್ಸಾಗಿತ್ತು, ಮಾತಿನ ನಡುವೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು.

"ಯಾಕೆ ಹಾಮುದುರುವನೇ? ಬಣ್ಣ ಸರಿ ಇಲ್ವಾ?" ಮೇಷ್ಟ್ರು ಕೇಳಿದರು.

"ಬಣ್ಣ ಚೆನ್ನಾಗೇ ಇದೆ. ಆದರೆ ಅದು ಪೂರ್ಣ ಭಿಕ್ಷುವಿನದು. ಇವರು ಸಾಮಣೇರರು. ಒಂದು ಪದರದಲ್ಲೇ ಹೋಗ್ತಾರೆ."

ಮೇಷ್ಟ್ರು ನಕ್ಕರು. ಆಮೇಲೆ ನಗು ಸರಿಯಲ್ಲ ಎನ್ನಿಸಿ ನಿಲ್ಲಿಸಿದರು. "ನಾನು ಹುಡುಗನಾಗಿದ್ದಾಗ ಇವರು ಮಲ್ವತ್ತೆ ಮಹಾವಿಹಾರದಲ್ಲಿ ಉಪಸಂಪದೆ ಪಡೆದು ಬಂದಾಗ ಮೆರವಣಿಗೇಲಿ ಬಾವುಟ ಹಿಡಿದವನು ನಾನು."

"ಹೌದು. ಆಮೇಲೆ ಅದನ್ನ ಬಿಟ್ಟರು. ನಮ್ಮ ಗುರುಗಳು ಮತ್ತೆ ಹತ್ತು ಶೀಲ ಕೊಟ್ಟು ಸಾಮಣೇರ ಮಾಡಿದ್ರು. ಅಲ್ಲಿಗೇ ಉಳಿದ್ರು."

ಸಭೆಯಲ್ಲಿ ಗುಜುಗುಜು ಎದ್ದಿತು. ಧಮ್ಮರಂಸಿಯವರು ಚಾಚಿದ ಕೈಯನ್ನು ಹಿಂದೆಳೆದುಕೊಂಡರು. "ದಿನಾ ಸಂಜೆ ನನಗೆ ಬಗ್ಗಿ ನಮಸ್ಕಾರ ಮಾಡ್ತಿದ್ರು," ಎಂದರು ಮೆಲ್ಲಗೆ. "ವಿನಯ ಅಂದ್ಕೊಂಡಿದ್ದೆ. ಕೇಳೋಕೆ ಧೈರ್ಯ ಬರಲಿಲ್ಲ."

"ಯಾಕೆ ಬಿಟ್ಟರು?" ಮೇಷ್ಟ್ರ ದನಿ ಈಗ ಶಾಲೆಯ ದನಿಯಾಗಿತ್ತು. "ಏನು ತಪ್ಪು ಮಾಡಿದ್ರು? ಊರಿಗೆ ಗೊತ್ತಾಗಬೇಕಲ್ಲ. ಇಷ್ಟು ವರ್ಷ ನಾವು ಕಾಲಿಗೆ ಬಿದ್ದಿದ್ದೀವಿ."

"ತಪ್ಪಿಲ್ಲ. ಉಳಿದದ್ದು ಹೇಳೋದು ನನ್ನದಲ್ಲ."

ಹೇಳದೆ ಬಿಟ್ಟದ್ದನ್ನು ಜನ ತಾವೇ ತುಂಬಿಕೊಂಡರು. ಯಸವತಿಯ ಹಿಂದೆಯೇ ಪಿಸುಮಾತು ಶುರುವಾಯಿತು.

"ಹೆಂಗಸಿನ ವಿಷಯವೇ. ಇನ್ನೇನು ಇರುತ್ತೆ?"

"ನಮ್ಮಮ್ಮ ಹೇಳೋಳು, ಆಗ ಕಣ್ಣಿಗೆ ಚೆನ್ನಾಗಿದ್ರಂತೆ."

"ಕೆಡಿಸಿಕೊಂಡಿರ್ತಾರೆ. ಅದಕ್ಕೇ ಕೊನೇಲಿ ಕೂರ್ತಿದ್ದದ್ದು. ನಾವು ಪಾಪ, ಎಂಥಾ ದೊಡ್ಡತನ ಅಂದ್ಕೊಂಡ್ವಿ."

"ಥೂ, ನನ್ನ ಮಗೂಗೆ ಅಕ್ಷರ ಬರೆಸಿದ್ದು ಅದೇ ಕೈ."

ಯಸವತಿ ಮಿಸಿನೋನಾಳ ಕಡೆ ನೋಡಿದಳು. ಮಿಸಿನೋನಾ ಕೂಡ ಪೆಟ್ಟಿಗೆಯಿಂದ ಕಣ್ಣು ತೆಗೆದು ನೆಲ ನೋಡುತ್ತಿದ್ದಳು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆ ಮಾತು ಗಟ್ಟಿಯಾಗಿ ಚಿತೆಯವರೆಗೂ ಜೊತೆಗೆ ನಡೆಯುತ್ತದೆ. ಆಮೇಲೆ ಬೂದಿಯಿಂದ ಅದನ್ನು ಬೇರೆ ಮಾಡುವುದು ಯಾರಿಂದಲೂ ಆಗುವುದಿಲ್ಲ.

ಅವಳು ನಿಲ್ಮಿಣಿಯ ಭುಜ ಹಿಡಿದು ಎದ್ದಳು.

"ಆಚ್ಚಿ, ಎಲ್ಲಿಗೆ?"

"ಆ ಮಾತು ಹೇಳಿದ್ದು ನನ್ನ ಹತ್ರ," ಎಂದಳು ಯಸವತಿ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ವ್ರತ ಬಿಟ್ಟೆ ಅಂತ ಹೇಳಿದ್ದು ನನ್ನ ಹತ್ರ. ಸ್ತೂಪಕ್ಕೆ ಸುಣ್ಣ ಬಳಿಯೋವಾಗ."

ಮೇಷ್ಟ್ರು ತಿರುಗಿದರು. "ಯಸವತಿ ಅಕ್ಕಾ, ನೀವು ಕೂತ್ಕೊಳ್ಳಿ."

"ಕೂರಲ್ಲ. ಕೆಡಿಸಿಕೊಂಡಿರ್ತಾರೆ ಅಂದವರು ಕೇಳಿಸ್ಕೊಳ್ಳಿ. ನನ್ನ ಬೆರಳು ಕೂಡ ಅವರಿಗೆ ತಾಗಿಲ್ಲ. ನನ್ನನ್ನ ಕೇಳೋದಕ್ಕೆ ಮೊದಲು ವ್ರತ ಬಿಟ್ಟರು, ಬಿಟ್ಟ ಮೇಲೆ ಕೇಳಿದ್ರು. ಕದ್ದು ಕೇಳಲಿಲ್ಲ. ನಾನು ಬೆಳಿಗ್ಗೆ ಬಂದು, ನೀವು ಹೇಳಿದ್ದು ಅರ್ಥ ಆಗಲಿಲ್ಲ ಅಂದೆ. ಅರ್ಥ ಆಗದಿದ್ದರೆ ವ್ರತ ಹೋಗಲ್ಲ ಅಂತ ಅವರೇ ಪಾಠ ಮಾಡಿದ್ರು. ಚೀವರ ಉಳೀಲಿ ಅಂತ ಹಾಗಂದೆ. ನಂಗೆ ಒಂದೊಂದು ಮಾತೂ ಅರ್ಥ ಆಗಿತ್ತು."

ನಿಲ್ಮಿಣಿ ಅಜ್ಜಿಯನ್ನು ಮೊದಲ ಸಲ ನೋಡುವವಳಂತೆ ನೋಡುತ್ತಿದ್ದಳು.

ಸೀಲವಿಮಲ ನಾಯಕರು ಕಣ್ಣು ಮುಚ್ಚಿ ಕೂತಿದ್ದರು. ತೆರೆದಾಗ ಅವರ ಮುಖದಲ್ಲಿ ಅಷ್ಟೇನೂ ಆಶ್ಚರ್ಯವಿರಲಿಲ್ಲ.

"ಅವರಿಗೂ ಗೊತ್ತಿತ್ತಮ್ಮ," ಎಂದರು.

"ಏನು ಗೊತ್ತಿತ್ತು?"

"ನೀನು ಸುಳ್ಳು ಹೇಳಿದ್ದು. ಅವತ್ತು ನಾನೂ ಸಾಮಣೇರ, ಗುರುಗಳ ಕಾಲಿಗೆ ನೀರು ಹಾಕ್ತಿದ್ದೆ. ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಇವರು ಬಂದ್ರು. ಎರಡು ಪದರದ ಚೀವರ ಮಡಿಸಿ ಗುರುಗಳ ಮುಂದೆ ಇಟ್ಟರು. 'ಅರ್ಥ ಆಗಲಿಲ್ಲ ಅಂತಾಳೆ. ಆ ನಿಯಮ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೇ ಅವಳು' ಅಂದ್ರು. ನಗ್ತಾ ಇದ್ರು, ಅಳ್ತಾನೂ ಇದ್ರು." ನಾಯಕರು ಉಸಿರಿಗೆ ನಿಂತರು. "ಹಾಗಾದ್ರೆ ಸುಮ್ಮನೆ ಹೊದ್ಕೊಂಡು ಹೋಗು, ಕೇಳೋರು ಯಾರು ಅಂದ್ರು ಗುರುಗಳು. ಅವರಿಗೆ ಕಣ್ಣು ಮಂಜಾಗಿತ್ತು, ಓದಿ ಹೇಳೋಕೆ ಜನ ಬೇಕಿತ್ತು. ಇವರು ಒಪ್ಪಲಿಲ್ಲ. 'ಅವಳು ನನಗೋಸ್ಕರ ಸುಳ್ಳು ಹೇಳಿದ್ಲು. ನಾನು ಅದರ ಮೇಲೆ ಕೂರೋಕೆ ಆಗಲ್ಲ. ಮೊದಲಿಂದ ಕೊಡಿ' ಅಂದ್ರು. ಮತ್ತೆ ತಲೆ ಬೋಳಿಸಿ, ಮತ್ತೆ ಹತ್ತು ಶೀಲ ಹೇಳಿಸಿದ್ರು. ಆ ಮಧ್ಯಾಹ್ನ ನನ್ನ ಪಕ್ಕ ಬಂದು ಕೂತ್ರು, ನನಗಿಂತ ಕೆಳಗೆ."

"ಮತ್ತೆ ಉಪಸಂಪದೆ ತಗೋಬಹುದಿತ್ತಲ್ಲ," ಎಂದರು ಮೇಷ್ಟ್ರು. ದನಿ ತಗ್ಗಿತ್ತು.

"ಎಷ್ಟು ಸಲ ಕರೆದ್ವಿ! ನಾನೇ ಕರೆದೆ. ಕೊಡೆಗೆ ದಾರ ಹಾಕ್ತಾ, 'ಈ ಒಂದು ಪದರಕ್ಕಿಂತ ದೊಡ್ಡದು ನನ್ನ ಭುಜದ ಮೇಲೆ ನಿಲ್ಲಲ್ಲ' ಅನ್ನೋರು."

ಮೇಷ್ಟ್ರು ಹೊಸ ಚೀವರವನ್ನು ಹಳೆಯ ಗೆರೆಗಳ ಮೇಲೆಯೇ ಮಡಿಸಲು ನೋಡಿದರು, ಸರಿಯಾಗಲಿಲ್ಲ. ಧಮ್ಮರಂಸಿಯವರು ಅದನ್ನು ತೆಗೆದುಕೊಂಡು ಪಕ್ಕದ ಬೆಂಚಿನ ಮೇಲಿಟ್ಟರು. ಆಮೇಲೆ ಪೆಟ್ಟಿಗೆಯ ಕಾಲ ಬಳಿ ಹೋಗಿ, ಹಿರಿಯ ಭಿಕ್ಷು ಕಿರಿಯನಿಗೆ ಬಾಗುವಂತಿಲ್ಲವಾದ್ದರಿಂದ, ನೆಟ್ಟಗೆ ನಿಂತರು. ತುಂಬ ಹೊತ್ತು ನಿಂತರು.

ಮಿಸಿನೋನಾ ಸೆರಗಿನಲ್ಲಿ ಮೂಗೊರೆಸಿ ಹಿಂದಿದ್ದವಳ ಕಡೆ ತಿರುಗಿದಳು. "ಏನೇ, ನಿನ್ನ ಮಗನ ಅಕ್ಷರ ಅಳಿಸಿ ಹಾಕ್ತೀಯಾ ಈಗ?"

ಹೊರಗೆ ಡೋಲು ಶುರುವಾಯಿತು. ಚಿತೆ ಶಾಲೆಯ ಮೈದಾನದಲ್ಲಿ ಸಿದ್ಧವಾಗಿತ್ತು. ಭಿಕ್ಷುಗಳು ಒಬ್ಬೊಬ್ಬರಾಗಿ ಎದ್ದು, ಹಿರಿಯರು ಮೊದಲು ಕಿರಿಯರು ಆಮೇಲೆ, ಅಂಗಳಕ್ಕಿಳಿದರು. ಊರವರೂ ಹಿಂದೆ ಸರಿದರು. ಪೆಟ್ಟಿಗೆ ಹೊರುವವರು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಒಬ್ಬನು ಮುಚ್ಚಳ ಎತ್ತಿದ.

"ಸ್ವಲ್ಪ ತಡೀಪ್ಪಾ," ಎಂದಳು ಯಸವತಿ.

ಅವನು ಮುಚ್ಚಳ ಹಿಡಿದೇ ನಿಂತ. ನಿಲ್ಮಿಣಿ ಚಾಪೆ ತರಲು ಓಡಿದಳು. ಅವಳು ಬರುವಷ್ಟರಲ್ಲಿ ಯಸವತಿ ಬರಿಯ ಸಿಮೆಂಟಿನ ಮೇಲೆಯೇ ಒಂದು ಕೈ ಊರಿ, ಒಂದೊಂದೇ ಮೊಣಕಾಲನ್ನು ನೆಲಕ್ಕೆ ತಂದಿದ್ದಳು. ಮೂರು ಸಲ ಹಣೆ ನೆಲಕ್ಕೆ ಹಚ್ಚಿದಳು. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು, ಎದೆಯ ಮುಂದೆ ಕೈ ಜೋಡಿಸಿದಳು. ಅಂಗಳದ ಡೋಲು ಒಂದು ಗಳಿಗೆ ನಿಂತಿತು.

"ಹಾಮುದುರುವನೇ," ಎಂದಳು, "ನಂಗೆ ಪಂಚಶೀಲ ಕೊಡಿ."